ಅವರು ಮೇಲೆ ನೋಡಿದ್ದರು

ಹೊಸಬರು ಯಾರೇ ಅಡುಗೆಮನೆಗೆ ಬಂದರೂ ಮೊದಲು ಒಲೆಯ ಕಡೆ ನೋಡುತ್ತಾರೆ, ಆಮೇಲೆ ಪಾತ್ರೆ ಜೋಡಿಸಿಟ್ಟ ಕಡೆ. ಅವರು ಮಾತ್ರ ನೆಲ ನೋಡುತ್ತಿದ್ದರು. ಹೆಗಲ ಮೇಲಿನ ಸಿಲಿಂಡರನ್ನು ಗೋಣಿತಟ್ಟಿನ ಮೇಲೆ ಸದ್ದಾಗದಂತೆ ಇಳಿಸಿ, ರೆಗ್ಯುಲೇಟರ್ ಕೂರಿಸಿ, ಒಂದು ಮೊಣಕಾಲೂರಿ, ಎಡಗೈಯನ್ನು ಕಲ್ಲಿಗೆ ಒತ್ತಿ, ಮೂಗನ್ನು ನೆಲದಿಂದ ಒಂದು ಗೇಣಿನಷ್ಟು ಹತ್ತಿರಕ್ಕೆ ತಂದು ಕಣ್ಣು ಮುಚ್ಚುತ್ತಿದ್ದರು. ಆ ಹೊತ್ತು ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಉಸಿರೆಳೆದು, ಒಂದು ಕ್ಷಣ ಹಿಡಿದು, ಎದ್ದು, ಮೊಣಕಾಲಿನ ಧೂಳು ಕೊಡವಿ ಹೇಳುತ್ತಿದ್ದುದು ಎರಡೇ ಮಾತು:

"ಏನಿಲ್ಲ. ಅಚ್ಕಳಿ."

ಅವರು ಹಚ್ಚಿಕೊಳ್ಳಿ ಅಂದ ಮೇಲೆಯೇ ನಮ್ಮ ಬೀದಿಯ ಹೆಂಗಸರು ಕಡ್ಡಿ ಗೀರುತ್ತಿದ್ದುದು. ಇಪ್ಪತ್ತೈದು ವರ್ಷಕ್ಕೂ ಮೇಲೆ ನಂಜನಗೂಡಿನ ಈ ಬೀದಿಗೆ ಸಿಲಿಂಡರ್ ಹೊತ್ತವರು. ಹೋದ ತಿಂಗಳು ನರಸೀಪುರದಲ್ಲಿ, ಮಗಳ ಮನೆಯಲ್ಲಿ, ತೀರಿಕೊಂಡರು. ಬೆಳಿಗ್ಗೆ ಟೀ ಕುಡಿದು ಎದೆ ಹಿಡಿದುಕೊಂಡರಂತೆ, ಆಸ್ಪತ್ರೆ ಸೇರುವುದರೊಳಗೆ ಮುಗಿಯಿತಂತೆ. ನನಗೆ ಸುದ್ದಿ ಬಂದದ್ದು ಮೂರು ದಿನ ತಡವಾಗಿ, ಅದೂ ಹಾಲಿನ ಬೂತಿನಲ್ಲಿ.

ಹೆಸರು ಬರೆಯುವುದಿಲ್ಲ. ಬರೆದರೂ ಬೀದಿಯಲ್ಲಿ ಅರ್ಧ ಜನಕ್ಕೆ ಯಾರೆಂದು ತಿಳಿಯುವುದಿಲ್ಲ. ಎಲ್ಲರಿಗೂ ಅವರು 'ಗ್ಯಾಸಿನವರು', ಅಷ್ಟೇ. ಊರು ಹೆಮ್ಮರಗಾಲ. ಹುಡುಗನಾಗಿದ್ದಾಗ ಅಪ್ಪನ ಜೊತೆ ಸೌದೆ ಮಾರಲು ಪೇಟೆಗೆ ಬರುತ್ತಿದ್ದವರು, ದೊಡ್ಡವರಾದ ಮೇಲೆ ಅದೇ ಮನೆಗಳಿಗೆ ಸಿಲಿಂಡರ್ ತಂದರು. "ಅಪ್ಪ ತಂದಾಕ್ತಿದ್ದ ಸೌದೆ ಒಲೇನ ನಾನು ಆರುಸ್ಬುಟ್ಟೆ ಟೀಚರಮ್ಮ" ಎಂದು ನಗುತ್ತಿದ್ದರು. ನಾನು ಪ್ರೈಮರಿ ಶಾಲೆಯ ಟೀಚರು, ಹಾಗಾಗಿ ಟೀಚರಮ್ಮ.

ನಮ್ಮತ್ತೆ ಇದ್ದ ಕಾಲದ ಒಂದು ಸಂಗತಿ ಹೇಳಲೇಬೇಕು. ಅತ್ತೆಯ ತವರಿನವರು ದೇವಸ್ಥಾನದ ಕೆಲಸದವರು, ಮಡಿಯಲ್ಲಿ ಬಹಳ ಕಟ್ಟುನಿಟ್ಟು. ಸಿಲಿಂಡರ್ ಬಂದ ಕೂಡಲೇ ಹಿತ್ತಿಲ ಬಾಗಿಲಲ್ಲೇ ನಿಲ್ಲಿಸಿ ಅದಕ್ಕೆ ಒಂದು ಕೊಡ ನೀರು ಸುರಿಯುತ್ತಿದ್ದರು. ಯಾಕೆ ಅಂತ ಅವರಿಗೂ ಗೊತ್ತಿತ್ತು, ಹೊತ್ತು ತಂದವರಿಗೂ ಗೊತ್ತಿತ್ತು, ಹೊಸದಾಗಿ ಮದುವೆಯಾಗಿ ಬಂದ ನನಗೂ ಎರಡನೆಯ ಸಲಕ್ಕೆ ಗೊತ್ತಾಯಿತು. ನಾನು ನಾಚಿಕೆಯಿಂದ ಒಳಕ್ಕೆ ಹೋಗಿಬಿಡುತ್ತಿದ್ದೆ. ಗ್ಯಾಸಿನವರು ಕಟ್ಟೆಯ ಮೇಲೆ ಕುಳಿತು ಬೆವರು ಒರೆಸಿಕೊಳ್ಳುತ್ತಾ ನೋಡುತ್ತಿದ್ದರು.

"ಚೆಂದಾಗ್ ತೊಳೀರವ್ವ. ಆದ್ರೆ ಒಳಗಿರ ಗ್ಯಾಸ್ ತೊಳಿಯಕಾಯ್ತದಾ? ಅದೂ ನಾನೇ ಮುಟ್ಟಿ ತಂದಿರಾದು."

ಅತ್ತೆ ಇನ್ನೊಂದು ಚೊಂಬು ನೀರು ಸುರಿದರು. "ನೀನು ಸುಮ್ನಿರಪ್ಪ" ಅಂದರು.

"ನಾನ್ ಸುಮ್ಕಿರ್ತೀನಿ. ಬೀದೀಲೆಲ್ಲಾ ನಿಮ್ಮನೆ ಸಿಲಿಂಡ್ರೇ ಬೇಗ ತುಕ್ಕಿಡಿಯಾದು. ಸ್ನಾನ ಜಾಸ್ತಿ."

ತೊಳೆಯುವುದು ನಿಂತದ್ದು ಮಾತಿನಿಂದಲ್ಲ. ಒಂದು ದಿನ ಅತ್ತೆಯೊಬ್ಬರೇ ಇದ್ದಾಗ ಸಿಲಿಂಡರಿನ ಬಾಯಿಯ ವಾಷರ್ ಹೋಗಿ ಅಡುಗೆಮನೆಯೆಲ್ಲ ಗ್ಯಾಸು ತುಂಬಿಕೊಂಡಿತು. ದೇವರ ಮುಂದೆ ದೀಪ ಉರಿಯುತ್ತಿದೆ. ಎದುರುಮನೆಯಲ್ಲಿ ಸಿಲಿಂಡರ್ ಇಳಿಸುತ್ತಿದ್ದ ಇವರು ಅತ್ತೆಯ ಕೂಗು ಕೇಳಿ ಓಡಿಬಂದು, ಚಪ್ಪಲಿ ಕಳೆಯದೆ ದೇವರ ಮನೆಗೆ ನುಗ್ಗಿ ಬೆರಳಲ್ಲೇ ದೀಪ ಒತ್ತಿ ಆರಿಸಿ, ರೆಗ್ಯುಲೇಟರ್ ಕಿತ್ತು ಮುಚ್ಚಳ ಹಾಕಿ, ಹಿತ್ತಿಲ ಬಾಗಿಲು ತೆರೆದು, ನಮ್ಮ ಪೊರಕೆಯನ್ನೇ ತೆಗೆದುಕೊಂಡು ಗ್ಯಾಸನ್ನು ನೀರು ಗುಡಿಸಿದ ಹಾಗೆ ನೆಲದುದ್ದಕ್ಕೂ ಆಚೆಗೆ ಗುಡಿಸಿದರು. ಸಂಜೆ ನಾನು ಶಾಲೆಯಿಂದ ಬಂದಾಗ ಅತ್ತೆ ಅದನ್ನು ಮತ್ತೆ ಮತ್ತೆ ಹೇಳಿದರು. ಚಪ್ಪಲಿಯ ವಿಷಯ ಮಾತ್ರ ಹೇಳಲಿಲ್ಲ. ಅದನ್ನು ಗ್ಯಾಸಿನವರೇ ಆಮೇಲೊಮ್ಮೆ ನನಗೆ ಹೇಳಿದ್ದು.

ಗ್ಯಾಸು ಗುಡಿಸುವುದನ್ನು ಬೀದಿಗೆಲ್ಲ ಕಲಿಸಿದವರು ಅವರೇ. ಕ್ಯಾಲೆಂಡರಿನಲ್ಲಿ ಬರೆಯುವುದನ್ನೂ ಅವರೇ ಶುರುಮಾಡಿದ್ದು. ಹೊಸ ಸಿಲಿಂಡರ್ ಹಾಕಿದ ದಿನ ಗೋಡೆಯ ಕ್ಯಾಲೆಂಡರಿನ ಆ ತಾರೀಖಿನ ಮನೆಯಲ್ಲಿ, ಅಮಾವಾಸ್ಯೆ ಏಕಾದಶಿಗಳ ಪಕ್ಕದಲ್ಲಿ, 'ಗ್ಯಾ' ಎಂದು ಪೆನ್ಸಿಲಿನಲ್ಲಿ ಒಂದು ಅಕ್ಷರ. ಬೇರೆಯವರಿಗೆ ಬರೆಯಲು ಬಿಡುತ್ತಿರಲಿಲ್ಲ. ಪುಟ ತಿರುಗಿಸಿ ಹಿಂದಿನ 'ಗ್ಯಾ' ಯಾವತ್ತು ಅಂತ ನೋಡಿ, "ಈ ಸಲ ಐದ್ ದಿನ ಮುಂಚೇನೇ ಆಯ್ತು, ನೆಂಟ್ರು ಬಂದಿದ್ರಾ?" ಎಂದು ಕೇಳುತ್ತಿದ್ದರು. ಹೌದು, ಬಂದಿದ್ದರು. ಯಾರ ಮನೆಯಲ್ಲಿ ಬಾಣಂತಿ, ಯಾರ ಮನೆಯಲ್ಲಿ ಒಲೆಯೇ ಸರಿಯಾಗಿ ಉರಿಯುತ್ತಿಲ್ಲ, ಎಲ್ಲ ಆ ಅಕ್ಷರದಿಂದಲೇ ಅವರಿಗೆ ತಿಳಿಯುತ್ತಿತ್ತು. ತಿಳಿದದ್ದನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಒಯ್ಯುತ್ತಿರಲಿಲ್ಲ. ನನ್ನ ಹತ್ತಿರ ಆ ಕ್ಯಾಲೆಂಡರುಗಳೆಲ್ಲ ಇವೆ. ನಾನು ಇಂಥವನ್ನು ಎಸೆಯುವವಳಲ್ಲ.

ಆಮೇಲೆ ಪೈಪು ಬಂತು.

ಮೊದಲು ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗಳ ಬಾಯ್ಲರುಗಳಿಗೆ, ಆಮೇಲೆ ಮನೆಗಳಿಗೆ. ಬೀದಿ ಅಗೆದರು, ಮುಚ್ಚಿದರು, ಮತ್ತೆ ಅಗೆದರು. ಎಲ್ಲರ ಗೋಡೆಗೂ ಹಳದಿ ಕೊಳವೆ ಬಂತು, ಹೊರಗೆ ಮೀಟರು ಕೂತಿತು. ಇನ್ನು ಸಿಲಿಂಡರ್ ಬೇಡ, ಬುಕ್ ಮಾಡುವುದು ಬೇಡ, ಮುಗಿಯುವುದೇ ಇಲ್ಲ ಅಂದರು. ಹೆಂಗಸರಿಗೆ ಆ ಮುಗಿಯುವುದೇ ಇಲ್ಲ ಅನ್ನುವುದೇ ಭಯ, ಸೋರಿದರೂ ನಿಲ್ಲುವುದಿಲ್ಲವಲ್ಲ ಎಂದು. ಕಂಪನಿಯ ಹುಡುಗರು ಬಂದರೆ ಬಾಗಿಲು ತೆಗೆಯುತ್ತಿರಲಿಲ್ಲ. "ನಮ್ಮ ಗ್ಯಾಸಿನವರು ಬಂದು ನೋಡಲಿ" ಎನ್ನುತ್ತಿದ್ದರು. ಕೊನೆಗೆ ಕಂಪನಿಯವರೇ ದಾರಿ ಕಂಡುಕೊಂಡು ಅವರನ್ನು ಕೆಲಸಕ್ಕೆ ತೆಗೆದುಕೊಂಡರು. ಬೀದಿ ಬೀದಿ ಸುತ್ತಿ ಪೈಪು, ಮೀಟರು, ಮನೆಯೊಳಗಿನ ಜೋಡಣೆ ನೋಡಿಬರುವ ಕೆಲಸ. ಹೊಳೆಯುವ ಪಟ್ಟಿಯ ಒಂದು ಜಾಕೆಟ್ಟು, ಕೊರಳಲ್ಲಿ ಗುರುತಿನ ಕಾರ್ಡು. ಜೀವನದಲ್ಲಿ ಮೊದಲ ಸಲ ಭಾರ ಹೊರದೆ ನಮ್ಮ ಮನೆಗೆ ಬಂದರು. ನಿಲ್ಲುವುದಕ್ಕೆ ಬಾರದವರಂತೆ ಬಾಗಿಲಲ್ಲಿ ಆ ಕಾಲು ಈ ಕಾಲು ಮಾಡುತ್ತಿದ್ದರು.

"ಎಗ್ಲು ಖಾಲಿ ಇದ್ರೆ ಎಲ್ಲೋ ಏನೋ ಮರ್ತ್ ಬಂದಂಗಾಯ್ತದ ಟೀಚರಮ್ಮ."

ಮೈಸೂರಿನಲ್ಲಿ ಮೂರು ದಿನ ತರಬೇತಿ ಕೊಟ್ಟಿದ್ದರಂತೆ. ಬಂದು ಕಾಫಿ ಕುಡಿಯುತ್ತಾ ನನಗೆ ಪಾಠ ಒಪ್ಪಿಸಿದರು. ಸಮುದ್ರದ ತಳದಲ್ಲಿ, ಮರುಭೂಮಿಯಲ್ಲಿ ಬೋರ್‌ವೆಲ್ ಕೊರೆದ ಹಾಗೆ ಕೊರೆಯುತ್ತಾರೆ, ಆದರೆ ನಮ್ಮ ಹತ್ತು ಬೋರಿನ ಆಳ ಸೇರಿಸಿದರೂ ಅದಕ್ಕೆ ಸಾಲದು. ಮೇಲೆ ಬಂದದ್ದನ್ನು ತಣ್ಣಗೆ ಮಾಡಿ ನೀರು ಮಾಡಿ ಹಡಗಿನಲ್ಲಿ ತಂದು, ಬಂದರಿನಲ್ಲಿ ಮತ್ತೆ ಗಾಳಿ ಮಾಡಿ, ಪೈಪಿಗೆ ಬಿಡುತ್ತಾರೆ. ಅದಕ್ಕೆ ಸ್ವಂತ ವಾಸನೆ ಇಲ್ಲ. ನಮಗೆ ಗೊತ್ತಾಗಲಿ ಅಂತ ನಾತದ ಔಷಧಿ ಬೆರೆಸುತ್ತಾರೆ. ಇವರು ಎದ್ದುನಿಂತು ಕೇಳಿದರಂತೆ: "ಸಾ, ಇದು ಎಷ್ಟ್ ವರ್ಸ ಬತ್ತದ? ಕೊರೆಯಾದು ನಿಲ್ಸ್‌ಬುಟ್ರೆ? ಅಡಗು ಬರ್ನಿಲ್ಲ ಅಂದ್ರೆ?" ಪಾಠ ಮಾಡುತ್ತಿದ್ದವನು, ಅದು ನಿಮ್ಮ ಸಿಲಬಸ್ಸಿನಲ್ಲಿ ಇಲ್ಲ ಅಂದನಂತೆ.

"ಅಲ್ಲ ಟೀಚರಮ್ಮ, ಕೊರೆಯೋನು ಒಬ್ಬ ಯಾವ್ದೋ ದೇಸ್ದಲ್ಲವ್ನೆ. ರೂಲ್ಸ್ ಮಾಡೋನು ಡೆಲ್ಲೀಲವ್ನೆ. ಉರ್ಸೋಳು ನಂಜನಗೂಡಲ್ಲವ್ಳೆ. ಮೂರ್ ಜನಾನೂ ಒಬ್ರ್ ಮಕ ಒಬ್ರು ಕಂಡಿಲ್ಲ. ಮದ್ಯದಲ್ಲಿ ನಾನೊಬ್ಬ ಈ ಜಾಕೀಟ್ ಆಕಂಡು ತಿರುಗ್ತೀನಿ."

ಮತ್ತೆ, ಎಲ್ಲಕ್ಕಿಂತ ಮುಖ್ಯವಾದದ್ದನ್ನು ಹೇಳಿದರು. ಬೀದಿಯ ಪ್ರತಿ ಮನೆಯಲ್ಲೂ ಹೇಳಿದರು. "ಸಿಲಿಂಡ್ರು ಗ್ಯಾಸು ಎಮ್ಮೆ ಇದ್ದಂಗೆ, ಬುಟ್ರೆ ಕೆಳೀಕ್ ಮಲೀಕತದ. ಪೈಪ್ ಗ್ಯಾಸು ಕೋತಿ, ಮೇಲಕ್ಕೇ ಅತ್ತದ. ಇನ್ಮೇಲೆ ನೆಲ ಮೂಸಿ, ಪೊರ್ಕೇಲಿ ಗುಡ್ಸಿ ಏನೂ ಉಪ್ಯೋಗಿಲ್ಲ. ಮೇಲ್ಗಡೆ ತೂತಿರ್ಬೇಕು. ಆ ವೆಂಟಿಲೇಟ್ರು ಮುಚ್ಬಾರ್ದು. ಯಾವತ್ತೂ ಮುಚ್ಬಾರ್ದು. ಮುಚ್ಚಿದ್ರೆ ಕೋತಿ ಒಳ್ಗೇ ಕೂತ್ಕತದ."

ಹೀಗೆ ಹೇಳಿದವರೇ ಮಾತು ಮುಗಿಸಿ ಒಂದು ಮೊಣಕಾಲೂರಿ ನೆಲಕ್ಕೆ ಬಗ್ಗಿ ಮೂಸಿದರು. ಮೂಸಿ, ತಾವೇ ನಕ್ಕರು. "ಏಳದೊಂದು, ಮಾಡದೊಂದು. ಮಂಡಿ ತಾನೇ ಮಡಿಸ್ಕತದ, ಏನ್ ಮಾಡ್ಲಿ?" ಆಮೇಲೆ ಕತ್ತೆತ್ತಿ ಸೂರು ನೋಡಿದರು. ಮೊದಲು ಬಗ್ಗುವುದು, ಆಮೇಲೆ ನೆನಪಾಗಿ ಮೇಲೆ ನೋಡುವುದು. ಕೊನೆಯವರೆಗೂ ಅವರು ಹಾಗೆಯೇ ಮಾಡುತ್ತಿದ್ದುದು.

ನಮ್ಮ ಊರಿನಲ್ಲಿ ನಿಜವಾದ ಕೋತಿಗಳ ಕಾಟ ಗೊತ್ತಿರುವವರಿಗೆ ಗೊತ್ತು. ದೇವಸ್ಥಾನದ ಕಡೆಯಿಂದ ಮಾಳಿಗೆ ಮೇಲೆ ಮಾಳಿಗೆ ಹಾರಿ ಬರುತ್ತವೆ. ಆ ವರ್ಷದ ಬೇಸಿಗೆಯಲ್ಲಿ ಒಂದು ಮರಿ ನಮ್ಮ ಅಡುಗೆಮನೆಯ ವೆಂಟಿಲೇಟರಿನಿಂದ ಇಳಿದು, ಹಪ್ಪಳದ ಡಬ್ಬ ಬೀಳಿಸಿ, ನನ್ನ ಮೇಲೆ ಹಲ್ಲು ಕಿಸಿದು ಹೋಯಿತು. ಮಾರನೆಯ ದಿನ ಹೊಸ ಮಿಕ್ಸಿ ಬಂದಿದ್ದ ಡಬ್ಬದ ರಟ್ಟನ್ನು ಅಳತೆಗೆ ಕತ್ತರಿಸಿ ಸ್ಟೂಲ್ ಹತ್ತಿ ವೆಂಟಿಲೇಟರಿಗೆ ತುರುಕಿದೆ. ಅವರು ಹೇಳಿದ ಮಾತು ನೆನಪಿರಲಿಲ್ಲವೆಂದಲ್ಲ. ನೆನಪಿತ್ತು. ಜಾಲರಿ ಹಾಕಿಸುವ ತನಕ ಎರಡು ದಿನ ಇರಲಿ ಅಂದುಕೊಂಡೆ. ಜಾಲರಿಯವನಿಗೆ ಹೇಳುವುದು ಮುಂದಕ್ಕೆ ಹೋಯಿತು. ಅವರು ನೋಡಲು ಬರುವ ವಾರ ಅದನ್ನು ಕಿತ್ತಿಡುತ್ತಿದ್ದೆ, ಹೋದ ಮೇಲೆ ಮತ್ತೆ ತುರುಕುತ್ತಿದ್ದೆ. ಇದನ್ನು ನಾನು ಈವರೆಗೆ ಯಾರಿಗೂ ಬರೆದು ಹೇಳಿಲ್ಲ.

ನಾವು ಎರಡು ದಿನ ಮದುವೆಗೆಂದು ಹೋಗಿ, ಮೂರನೆಯ ದಿನ ಮಧ್ಯಾಹ್ನ ನಾನೊಬ್ಬಳೇ ಮೊದಲು ಮರಳಿದೆ. ಅತ್ತೆ ತೀರಿಕೊಂಡು ಆಗಲೇ ಬಹಳ ದಿನವಾಗಿತ್ತು. ಬಾಗಿಲು ತೆಗೆದರೆ ಸಣ್ಣಗೆ ವಾಸನೆ. ಕರೆಂಟ್ ಇರಲಿಲ್ಲ. ಒಲೆಯ ಹಿಂದಿನ ರಬ್ಬರ್ ಕೊಳವೆಯನ್ನು ಇಲಿ ಕಡಿದಿತ್ತು ಅನ್ನುವುದು ಆಮೇಲೆ ಗೊತ್ತಾದದ್ದು. ಮೀಟರಿನ ಮೇಲೆ ಇಂಥ ಹೊತ್ತಿನಲ್ಲಿ ಕರೆಯಬೇಕಾದ ನಂಬರಿನ ಸ್ಟಿಕರ್ ಇದೆ. ನಮ್ಮ ಬೀದಿಯಲ್ಲಿ ಆ ನಂಬರಿಗೆ ಯಾರೂ ಮಾಡಿದವರಲ್ಲ. ನಾನೂ ಮಾಡಲಿಲ್ಲ. ಅವರಿಗೆ ಮಾಡಿದೆ.

"ಯಾವ್ ಸ್ವಿಚ್ಚೂ ಮುಟ್ಬೇಡಿ. ಆಚೆ ನಿಂತ್ಕಳಿ. ಬಂದೆ."

ಹತ್ತು ನಿಮಿಷದಲ್ಲಿ ಬಂದರು. ಹೊರಗಿನ ವಾಲ್ವ್ ತಿರುಗಿಸಿ ಮುಚ್ಚಿದರು. ಫೋನನ್ನು ಜಗಲಿಯ ಮೇಲೆ ಇಟ್ಟು ಒಳಗೆ ಹೋಗಿ ಹಿತ್ತಿಲ ಬಾಗಿಲು ತೆರೆದರು. ಒಂದು ಮೊಣಕಾಲೂರಿ ಬಗ್ಗಿದರು. ನಾನು ನಡುಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ.

"ಕೆಳಗೇನಿಲ್ಲ..." ಅಂದವರು, ಅಷ್ಟಕ್ಕೇ ನಿಲ್ಲಿಸಿ, ಎದ್ದು, ಮೇಲೆ ನೋಡಿದರು.

ರಟ್ಟು ಕಂಡಿತು. ಅದರ ಮೇಲಿನ ಕೆಂಪಕ್ಷರ ನನಗೂ ಕಾಣುತ್ತಿತ್ತು. ಅವರು ನನ್ನ ಕಡೆ ತಿರುಗಲಿಲ್ಲ, ಬಯ್ಯಲಿಲ್ಲ. ಒಲೆಯ ಕಟ್ಟೆಯ ಮೇಲೆ ಒಂದು ಕಾಲಿಟ್ಟು ಬಲಗೈ ಚಾಚಿ ಅದನ್ನು ಹಿಡಿದರು. ಅದೇ ಹೊತ್ತಿಗೆ ಕರೆಂಟ್ ಬಂತು. ಹೊರಡುವ ಗಡಿಬಿಡಿಯಲ್ಲಿ ನಾನು ಹಾಕಿದ ಹಾಗೆಯೇ ಬಿಟ್ಟಿದ್ದ ಟ್ಯೂಬ್‌ಲೈಟ್ ಗೋಡೆಯ ಮೇಲ್ತುದಿಯಲ್ಲಿ ಒಮ್ಮೆ ಮಿನುಗಿತು. ಸದ್ದು ದೊಡ್ಡದಲ್ಲ, ಒದ್ದೆ ಬಟ್ಟೆ ಒಗೆದ ಹಾಗೆ. ಸೂರಿನುದ್ದಕ್ಕೂ ನೀಲಿಯ ಒಂದು ಹಾಸು ಓಡಿಹೋಯಿತು. ಅವರು ಹಿಂದಕ್ಕೆ ಬಿದ್ದರು.

ಬಲಗೈ, ಬಲಗಿವಿ, ಹುಬ್ಬು. ನನಗೆ ಮುಂಗೂದಲು ಸುಟ್ಟದ್ದು ಬಿಟ್ಟರೆ ಏನೂ ಆಗಲಿಲ್ಲ. ಅಕ್ಕಪಕ್ಕದವರು ಅವರನ್ನು ಆಟೋದಲ್ಲಿ ಕರೆದುಕೊಂಡು ಹೋದರು. ಎಲ್ಲರೂ ಹೋದ ಮೇಲೆ ನೆಲದ ಮೇಲೆ ಅರ್ಧ ಸುಟ್ಟ ರಟ್ಟು ಬಿದ್ದಿತ್ತು. ನಾನು ಅದನ್ನು ಎತ್ತಿಕೊಂಡು ಬಚ್ಚಲುಮನೆಯ ಹಂಡೆ ಒಲೆಗೆ ಹಾಕಿದೆ. ಯಾಕೆ ಹಾಗೆ ಮಾಡಿದೆ ಅಂತ ಆಗ ಯೋಚಿಸಲಿಲ್ಲ. ಕೈ ತಾನಾಗಿ ಮಾಡಿತು ಎಂದು ಬರೆಯಬಹುದು. ಆದರೆ ಒಲೆಗೆ ಬೆಂಕಿ ಹಾಕಿ ಅದು ಪೂರ್ತಿ ಬೂದಿಯಾಗುವ ತನಕ ಅಲ್ಲೇ ಕೂತಿದ್ದೆ.

ವಾರ ಕಳೆದು ವಿಚಾರಣೆಗೆ ಬಂದರು, ಕಂಪನಿಯ ಒಬ್ಬರು, ಜೊತೆಗೆ ಸರ್ಕಾರದ ಕಡೆಯವರು ಒಬ್ಬರು. ಫಾರಂ, ಟೇಪು, ಕ್ಯಾಮರಾ. ಕೈಗೆ ಬ್ಯಾಂಡೇಜ್ ಕಟ್ಟಿಕೊಂಡ ಅವರನ್ನೂ ಕರೆಸಿದ್ದರು. ಅಡುಗೆಮನೆಯ ನಡುವೆ ನಿಲ್ಲಿಸಿ ಕೇಳಿದರು.

"ಟ್ರೈನಿಂಗ್ ಆಗಿದೆಯಲ್ಲ ನಿಮಗೆ?"

"ಆಗದ ಸಾ."

"ಮತ್ತೆ? ವೆಂಟಿಲೇಷನ್ ಕ್ಲಿಯರ್ ಇತ್ತಾ ಇಲ್ವಾ?"

ಅವರು ಕತ್ತೆತ್ತಿ ವೆಂಟಿಲೇಟರ್ ನೋಡಿದರು. ಅದು ಖಾಲಿಯಾಗಿ ಆಚೆಯ ಆಕಾಶ ಕಾಣುತ್ತಿತ್ತು. ನಾನು ಸುಟ್ಟ ಗೋಡೆಗೆ ಸುಣ್ಣ ಬೇರೆ ಹೊಡೆಸಿದ್ದೆ. ಅಲ್ಲಿಂದ ಕಣ್ಣಿಳಿಸಿ ನನ್ನನ್ನು ನೋಡಿದರು. ಬಹಳ ಹೊತ್ತೇನಲ್ಲ.

"ತೆಗ್ದಿತ್ತು ಸಾ. ನಾನೇ ಮೇಲ್ಗಡೆ ನೋಡ್ನಿಲ್ಲ. ಸಿಲಿಂಡ್ರು ಅಭ್ಯಾಸ ಸಾ, ಬಗ್ಗಿ ಮೂಸ್ದೆ. ಅಷ್ಟ್ರಲ್ಲಿ ಕರೆಂಟ್ ಬಂತು."

"ನೀವೇನಾದ್ರೂ ಹೇಳೋದಿದೆಯಾ ಮೇಡಂ?" ಎಂದು ನನ್ನನ್ನು ಕೇಳಿದರು.

ಇಲ್ಲ ಅಂದೆ.

ನೆಲಕ್ಕೆ ಬಗ್ಗಿದವನ ಅಂಗೈ ಹೇಗೆ ಸುಟ್ಟಿತು ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲವೋ ಏನೋ. ತಿಂಗಳು ತುಂಬುವುದರೊಳಗೆ ಅವರ ಜಾಕೆಟ್ಟು, ಕಾರ್ಡು ವಾಪಸ್ ತೆಗೆದುಕೊಂಡರು. ಬೀದಿಯವರು ತಲೆಗೊಂದು ಮಾತಾಡಿದರು. ವಯಸ್ಸಾಯಿತು, ಮೂಗು ಕೆಟ್ಟಿತ್ತು ಅಂದರು. ಕುಡಿದು ಬಂದಿದ್ದನೇನೋ ಅಂದವರೂ ಇದ್ದರು. ಅವರ ಬಾಯಲ್ಲಿ ಎಲೆಅಡಿಕೆ ಬಿಟ್ಟು ಬೇರೇನನ್ನೂ ನಾನು ಕಂಡವಳಲ್ಲ. ಹಾಲಿನ ಬೂತಿನಲ್ಲಿ ಆ ಮಾತು ಬಂದಾಗ ಚಿಲ್ಲರೆ ಹುಡುಕುವವಳಂತೆ ಪರ್ಸಿನೊಳಗೆ ತಲೆ ತಗ್ಗಿಸಿದೆ. ನಮ್ಮ ಮನೆಯವರಿಗೆ ಒಂದು ರಾತ್ರಿ ಎಲ್ಲ ಹೇಳಿದೆ. "ಅವರೇ ಒಪ್ಪಿಕೊಂಡಾಗಿದೆ, ಇನ್ನು ನೀನ್ಯಾಕೆ ಮಧ್ಯೆ ಬಾಯಿ ಹಾಕ್ತೀಯ" ಅಂದರು. ಆ ಮಾತು ನನಗೆ ಬೇಕಾಗಿತ್ತು. ಅದನ್ನೇ ಹೊದ್ದುಕೊಂಡು ಕೂತೆ.

ಅವರು ನರಸೀಪುರಕ್ಕೆ, ಮಗಳ ಮನೆಗೆ ಹೋದರು ಎಂದು ಕೇಳಿದೆ. ಒಂದೂವರೆ ವರ್ಷದ ಮೇಲೆ ತರಬೇತಿಯೊಂದಕ್ಕೆ ನನ್ನನ್ನು ಅಲ್ಲಿಗೆ ಹಾಕಿದ್ದರು. ಬಸ್ ಸ್ಟ್ಯಾಂಡಿನ ಆಚೆ ತಲಕಾಡಿನ ಕಡೆಗೆ ಹೊರಟಿದ್ದ ಒಂದು ಗೂಡ್ಸ್ ಆಟೋ, ಅದರ ತುಂಬ ಕೆಂಪು ಸಿಲಿಂಡರು. ಪಕ್ಕದಲ್ಲಿ ಎಡಗೈಯಲ್ಲಿ ಟೀ ಲೋಟ ಹಿಡಿದು ಅವರು. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಕಂಡ ಕೂಡಲೇ ಮುಖ ಅರಳಿತು. ಅದೇ ನನಗೆ ಸಹಿಸಲಾಗದ್ದು.

"ಏನ್ ಟೀಚರಮ್ಮ, ಇತ್ಲಾಗ್ ಬಂದ್ಬುಟ್ರಿ? ಕೋತಿ ಕಾಟ ಎಂಗದ?"

"ಆವತ್ತು ನೀವು ನೋಡಿದ್ರಿ" ಅಂದೆ.

"ಮಿಕ್ಸಿ ಡಬ್ಬದ ರಟ್ಟು. ನೋಡ್ದೆ. ಇಡಿದಿದ್ನಲ್ಲ ಕೈಯಲ್ಲಿ."

"ಮತ್ತೆ ಯಾಕೆ ಹಾಗೆ ಹೇಳಿದ್ರಿ? ನನ್ನನ್ನ ಉಳಿಸೋಕೆ..."

"ನಿಮ್ಮುನ್ ಉಳ್ಸಕೆ ಅಂದ್ಕಂಡ್ರಾ?" ನಕ್ಕರು. ಒಳ್ಳೆಯ ನಗು ಅಲ್ಲ. "ಅಂಗೇನಿಲ್ಲ ಬುಡಿ. ನಿಮ್ಮೆಸ್ರು ಬರ್ಕಂಡು ಲೈನ್ ಕಟ್ ಮಾಡಿದ್ರೆ ಏನಾಯ್ತಿತ್ತು? ಬೀದಿ ಎಂಗುಸ್ರೆಲ್ಲ ಎದ್ರುಕತಿದ್ರು. ನಾಳೀಕ್ ಒಬ್ಳ ಮನೇಲಿ ವಾಸ್ನೆ ಬಂದ್ರೆ, ಕರುದ್ರೆ ನನ್ ತಲೆ ಮೇಲೇ ಬತ್ತದ ಅಂತ ಬಾಯ್ ಮುಚ್ಕಂಡು ಕೂತ್ಕತಿದ್ಲು. ವಾಸ್ನೆ ಬಂದ್ರೆ ಕೂಗ್ಬೇಕು ಟೀಚರಮ್ಮ. ಬ್ಯಾರೆ ಏನೂ ಇಲ್ಲ ಉಳ್ಸಾದು, ಆ ಕೂಗೊಂದೇ."

"ನಿಮ್ಮ ಕೆಲಸ ಹೋಯ್ತಲ್ಲ."

"ಓಯ್ತು. ಸಿಲಿಂಡ್ರು ಕೆಲ್ಸ ಅದಲ್ಲ. ಇಲ್ಗೂ ಪೈಪ್ ಬತ್ತದಂತೆ, ಗುರ್ತು ಆಕವ್ರೆ ನೋಡಿ." ರಸ್ತೆ ಬದಿಯ ಹಳದಿ ಗೂಟವನ್ನು ಗಲ್ಲದಲ್ಲೇ ತೋರಿಸಿದರು. "ನಾವು ಉರ್ಸಾದು ಕಲಿಯಗಂಟ ಆ ಗ್ಯಾಸು ಕೊರೆಯ ತಾವ್ಲೇ ಮುಗೀದಿದ್ರೆ ಸಾಕು."

ಟೀಯ ಕೊನೆಯ ಗುಟುಕನ್ನು ನೆಲಕ್ಕೆ ಚೆಲ್ಲಿದರು. ಆಟೋದವನು ಹಾರ್ನ್ ಮಾಡಿದ. ಹತ್ತಲು ಹೋದವರು ತಿರುಗಿ ನಿಂತರು.

"ನಾನ್ ಏಳಿದ್ದು ಆಪೀಸರ್‌ಗೆ. ಕುಡ್ದಿದ್ದ ಅಂದ್ರಂತಲ್ಲ, ಮೂಗ್ ಸತ್ತೋಗಿತ್ತು ಅಂದ್ರಂತಲ್ಲ, ಅದು ಬೀದಿ ಮಾತು. ಬೀದೀಲಿ ನೀವ್ ಇದ್ರಿ. ಒಂದ್ಮಾತು ಏಳ್ಬೋದಿತ್ತು."

"ಹೇಳ್ತೀನಿ" ಅಂದೆ.

ಹೇಳಲಿಲ್ಲ. ಬಸ್ಸು ಹದಿನಾರು ಎಂಬ ಊರನ್ನು ದಾಟುವ ತನಕ ನಾಳೆಯೇ ಹೇಳುವುದು ಅಂತಿತ್ತು. ನಂಜನಗೂಡು ಮುಟ್ಟುವಾಗ ಭಾನುವಾರ ಅಂತಾಯಿತು. ಆ ಭಾನುವಾರ ಪಕ್ಕದ ಮನೆಯಲ್ಲಿ ಹೆಸರಿಡುವ ಶಾಸ್ತ್ರ ಇತ್ತು. ಆಮೇಲೆ ಪರೀಕ್ಷೆ, ಆಮೇಲೆ ಜನಗಣತಿಯ ಮಾತು, ಆಮೇಲೆ ಯಾರೂ ಆ ವಿಷಯ ಎತ್ತುವುದನ್ನೇ ಬಿಟ್ಟಿದ್ದರು. ಎತ್ತದ ವಿಷಯವನ್ನು ನಾನಾಗಿ ಯಾಕೆ ಎತ್ತಲಿ? ಹೀಗೆ ಒಂದು ವರ್ಷ. ಜಾಲರಿ ಮಾತ್ರ ಹಾಕಿಸಿದೆ.

ಹೋದ ವಾರ ನರಸೀಪುರಕ್ಕೆ ಹೋದೆ. ಮಗಳು ಅಂಗನವಾಡಿಯಲ್ಲಿ ಕೆಲಸ ಮಾಡುವವಳು. ನಡುಮನೆಯಲ್ಲಿ ಬುದ್ಧನ ಪಟದ ಪಕ್ಕ ಅವರ ಫೋಟೊ, ಕಾರ್ಡಿನಲ್ಲಿದ್ದ ಅದೇ ಫೋಟೊ ದೊಡ್ಡದು ಮಾಡಿಸಿದ್ದು. ಒಳಗೆ ಕರೆದು ಅಡುಗೆಮನೆಯಲ್ಲೇ ಮಣೆ ಹಾಕಿದಳು. ಮೂಲೆಯಲ್ಲಿ ಸಿಲಿಂಡರು. ಗೋಡೆಯಲ್ಲಿ, ಸೂರಿಗೆ ತಾಗಿದ ಹಾಗೆ, ಹೊಸದಾಗಿ ಒಡೆದ ಒಂದು ಕಿಂಡಿ. ಸುತ್ತ ಸಿಮೆಂಟು ಇನ್ನೂ ಬಣ್ಣ ಕಂಡಿರಲಿಲ್ಲ. ಕಬ್ಬಿಣದ ಜಾಲರಿಯನ್ನು ಗೋಡೆಗೇ ಸೇರಿಸಿ ಕಟ್ಟಿತ್ತು, ಯಾರೂ ಮುಚ್ಚಲೂ ಆಗದ, ತೆಗೆಯಲೂ ಆಗದ ಹಾಗೆ.

ನಾನು ನೋಡುತ್ತಿರುವುದನ್ನು ಅವಳು ನೋಡಿದಳು. "ಲೈನೇ ಬಂದಿಲ್ಲ ಅಮ್ಮಾ ಇನ್ನೂ. ಅಷ್ಟ್ರಲ್ಲೇ ತೂತು ಒಡುಸ್ಬುಟ್ರು ನಮ್ಮಪ್ಪ. ಚಳೀಲಿ ಗಾಳಿ ಬೀಸ್ತದ ಅಂದ್ರೆ ಬೀಸ್ಲಿ ಅಂದ್ರು."

ಕಾಫಿ ಸೋಸುತ್ತಾ ಬೆನ್ನು ಹಾಕಿಕೊಂಡೇ ಕೇಳಿದಳು.

"ಒಂದ್ ಕೇಳ್ಲಾ? ಅಪ್ಪ ಆವತ್ತು ಬಗ್ಗಿದ್ರು, ಮೇಲೆ ನೋಡ್ನಿಲ್ಲ ಅಂತಾರೆ ಎಲ್ಲ. ಕಾಗದ್ದಲ್ಲೂ ಅಂಗೇ ಅದ. ಬಗ್ಗಿದ್ರೆ ಬೆನ್ನು ಸುಡ್ಬೇಕು. ಅಪ್ಪಂಗೆ ಸುಟ್ಟಿದ್ದು ಅಂಗೈ. ವರ್ಸಾನುಗಟ್ಲೆ ನಾನೇ ಮುಲಾಮ್ ಅಚ್ಚಿವ್ನಿ, ನಂಗೊತ್ತಿಲ್ವಾ? ಕೇಳುದ್ರೆ ಮಾತು ತೇಲುಸ್ಬುಡೋರು. ನೀವು ಅಲ್ಲೇ ಇದ್ರಂತಲ್ಲ ಅಮ್ಮಾ."

"ನೋಡಿದ್ರು" ಅಂದೆ. "ಮೇಲೆ ನೋಡಿದ್ರು."

ಮಿಕ್ಕದ್ದನ್ನೂ ಹೇಳಿದೆ. ರಟ್ಟು, ಅದನ್ನು ಕಿತ್ತಿಡುವುದು, ಮತ್ತೆ ತುರುಕುವುದು, ಹಂಡೆ ಒಲೆ, ಸುಣ್ಣ, ಇಲ್ಲ ಅಂದದ್ದು. ಬಸ್ ಸ್ಟ್ಯಾಂಡಿನಲ್ಲಿ ಅವರಿಗೆ ಕೊಟ್ಟ ಮಾತನ್ನೂ ಹೇಳಿದೆ. ಅವಳು ತಿರುಗಲಿಲ್ಲ. ಸೋಸಿದ ಕಾಫಿ ಲೋಟದಲ್ಲಿ ಹಾಗೇ ಕೆನೆ ಕಟ್ಟಿತು. ಆಮೇಲೆ ಲೋಟವನ್ನು ನನ್ನ ಮುಂದೆ ಇಟ್ಟಳು. ಕೊಡಲಿಲ್ಲ, ಇಟ್ಟಳು.

"ಇದ್ನ ಅವ್ರ್ ಇದ್ದಾಗ ಏಳ್ಬೇಕಾಗಿತ್ತು."

"ಹೌದು."

"ಈಗ ನಂಗೊಬ್ಳಿಗೆ ಏಳಿ ಏನ್ ಬಂತು? ನಂಗ್ ಮೊದ್ಲೇ ಗೊತ್ತಿತ್ತು, ನಮ್ಮಪ್ಪ ನೋಡಿರ್ತಾರೆ ಅಂತ. ಓಗಿ ನಿಮ್ ಬೀದೀಲಿ ಏಳಿ."

ಆ ಕಾಫಿಯನ್ನು ಕುಡಿದು ಬಂದೆ. ತಣ್ಣಗಾಗಿತ್ತು, ಪೂರ್ತಿ ಕುಡಿದೆ.

ಇವತ್ತು ಬೆಳಿಗ್ಗೆ, ಶಾಲೆಗೆ ರಜೆ, ಎದುರುಮನೆಯಿಂದ ಶುರುಮಾಡೋಣವೆಂದು ಹೊರಟೆ. ಕುಡಿದಿದ್ದನೇನೋ ಎಂದು ಹಾಲಿನ ಬೂತಿನಲ್ಲಿ ಮೊದಲು ಅಂದವರು ಎದುರುಮನೆಯ ಜಯಮ್ಮನವರೇ. ಅವರು ಚಪಾತಿ ಲಟ್ಟಿಸುತ್ತಿದ್ದರು. "ಬನ್ನಿ ಬನ್ನಿ, ಏನ್ ಬೆಳಿಗ್ಗೆನೇ?" ಅಂದರು. ಒಳಗೆ ಹೋಗಿ ಅವರ ಪಕ್ಕ ನಿಂತೆ. ಒಲೆ ಉರಿಯುತ್ತಿತ್ತು, ಹಳದಿ ಕೊಳವೆ ಗೋಡೆಗುಂಟ ಬಂದು ಅದಕ್ಕೆ ಸೇರಿತ್ತು. ಕೊಳವೆಯ ಜಾಡು ಹಿಡಿದು ಕಣ್ಣು ತಾನಾಗಿ ಮೇಲಕ್ಕೆ ಹೋಯಿತು. ವೆಂಟಿಲೇಟರಿನಲ್ಲಿ ಬಿಸ್ಕತ್ತಿನ ಡಬ್ಬದ ರಟ್ಟು, ಚೆನ್ನಾಗಿ ಅಳತೆಗೆ ಕತ್ತರಿಸಿದ್ದು, ಅಂಚಿಗೆ ಹಳೆಯ ನೈಟಿಯ ಚೂರು ತುರುಕಿದ್ದು.

"ಮೊದ್ಲು ಒಲೆ ಆರಿಸಿ" ಅಂದೆ. ಮೂಲೆಯ ಸ್ಟೂಲ್ ಎಳೆದುಕೊಂಡು ಹತ್ತಿದೆ.

"ಅಯ್ಯಯ್ಯೋ, ಅದನ್ನ್ಯಾಕ್ರೀ ಕೀಳ್ತೀರಾ? ಕೋತಿ ನುಗ್ತವೆ!"

"ಸ್ಟೂಲ್ ಅಲ್ಲಾಡ್ತಿದೆ ಜಯಮ್ಮ. ಸ್ವಲ್ಪ ಹಿಡ್ಕೊಳ್ಳಿ, ನಿಮ್ಗೆ ಒಂದು ಹೇಳೋದಿದೆ."